ಹಸುರು ಗೊಬ್ಬರವೂ ಕಳೆಯೂ

ಬೇಸಾಯದ ಚರಿತ್ರೆಯನ್ನು ಬರೆದ ವಿದ್ವಾಂಸರು ನೇಗಿಲನ್ನು ಕುರಿತು ಬಹಳವಾಗಿ ಬರೆದಿದ್ದಾರೆ. ಕೆರೆಕಾಲುವೆಗಳನ್ನು ಕುರಿತು, ಕಂದಾಯವನ್ನು ಕುರಿತು ಇನ್ನೂ ಹೆಚ್ಚಾಗಿ ಬರೆದಿದ್ದಾರೆ. ಕಳೆಯನ್ನು ಕುರಿತು ಬರೆದವರು ಮಾತ್ರ ಕಡಮೆ. ಇದಕ್ಕೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ಉಳುವವನು ಗಂಡಸು, ಅವನ ಕೆಲಸ ಕೆಲವು ವಾರಗಳಲ್ಲಿ ಮುಗಿಯುವಂಥದು, ಅದಕ್ಕೆ ಯುಗಾದಿಯ ಹೊನ್ನಾರಿನ ಸಂಭ್ರಮವುಂಟು, ಪೂಜೆಯುಂಟು. ಕಳೆ ಕೀಳುವವಳು ನಮ್ಮ ನಾಡಿನಲ್ಲಿ ಬಹುಮಟ್ಟಿಗೆ ಹೆಂಗಸು. ಬಾಗಿದ ಬೆನ್ನು ಬಾಗಿದಂತೆಯೇ ಅವಳು ತಿಂಗಳುಗಟ್ಟಲೆ ಮಾಡುವ ಕೆಲಸಕ್ಕೆ ಹಬ್ಬವೂ ಇಲ್ಲ, ಶಾಸನವೂ ಇಲ್ಲ. ಇಂದು ಕಿತ್ತ ಕಡೆ ಹದಿನೈದು ದಿನಕ್ಕೆ ಮತ್ತೆ ಕೀಳಬೇಕು. ಪಟ್ಟಣವಾಸಿಗಳಾದ ನಾವು ಮಾರುಕಟ್ಟೆಯಲ್ಲಿ ಕೊತ್ತಂಬರಿ ಸೊಪ್ಪಿನ ಕಟ್ಟಿಗೆ ಚೌಕಾಸಿ ಮಾಡುವಾಗ, ಆ ಕಟ್ಟಿನ ಬೆಲೆಯಲ್ಲಿ ಕಳೆ ಕಿತ್ತ ಕೂಲಿ ಎಷ್ಟು ಸೇರಿದೆಯೆಂಬುದನ್ನು ಯೋಚಿಸುವುದಿಲ್ಲ. ರಾಗಿಯ ಹೊಲದಲ್ಲಿ ಸಾಲಿನ ನಡುವೆ ಕುಂಟೆ ಹಾಯಿಸಬಹುದು. ಸೊಪ್ಪಿನ ಮಡಿಯಲ್ಲಿ, ಈರುಳ್ಳಿಯ ಪಾತಿಯಲ್ಲಿ ಎತ್ತು ಕಾಲಿಡುವಂತಿಲ್ಲ. ಅಲ್ಲಿ ಕೈಯೇ ಗತಿ.

ಗುದ್ದಲಿಯ ಕೆಲಸವನ್ನೂ ವಿಷದ ಕೆಲಸವನ್ನೂ ಬಹುಮಟ್ಟಿಗೆ ಒಂದು ಬೆಳೆಗೇ ಒಪ್ಪಿಸಿಬಿಡುವ ಉಪಾಯವೊಂದುಂಟು. ತರಕಾರಿಯನ್ನು ಹಾಕುವ ಮುನ್ನ ನೆಲವನ್ನು ಬಯಲಾಗಿ ಬಿಡದೆ, ಅಪ್ಸೆಣಬು, ಡಯಂಚ, ಅಲಸಂದೆ, ಹುರುಳಿ ಮೊದಲಾದವುಗಳಲ್ಲಿ ಒಂದನ್ನು ಒತ್ತಾಗಿ ಬಿತ್ತಿ, ಅದು ಸೊಂಪಾಗಿ ಬೆಳೆದು ಹೂಬಿಡುವ ಹೊತ್ತಿಗೆ ಉತ್ತು ಮಣ್ಣಿಗೆ ಸೇರಿಸುವುದು, ಇಲ್ಲವೆ ಕೊಯ್ದು ನೆಲದ ಮೇಲೆ ಹಾಸುವುದು. ಇದಕ್ಕೆ ಹಸುರು ಗೊಬ್ಬರವೆಂದು ಹೆಸರು. ಹೆಸರಿಗೆ ತಕ್ಕಂತೆ ಗೊಬ್ಬರವೆಂದೇ ಇದರ ಖ್ಯಾತಿ. ಆದರೆ ಹಳೆಯ ಕೃಷಿಗ್ರಂಥಗಳನ್ನು ತಿರುವಿಹಾಕಿದವರಿಗೆ ಈ ಬೆಳೆಯಲ್ಲಿ ಎರಡು ಬೇರೆ ಬೇರೆ ಗುಣಗಳನ್ನು ನಮ್ಮ ಹಿಂದಿನವರು ಕಂಡಿದ್ದರೆಂಬುದು ತಿಳಿದುಬರುತ್ತದೆ. ಮಣ್ಣಿಗೆ ಉಣಿಸುವ ಗುಣ ಒಂದು. ಕಳೆಯನ್ನು ಅಡಗಿಸುವ ಗುಣ ಮತ್ತೊಂದು. ಮೊದಲನೆಯದು ಶಾಸ್ತ್ರಗ್ರಂಥಗಳಲ್ಲಿ ಪೀಠವೇರಿತು. ಎರಡನೆಯದು ಹಿತ್ತಿಲಲ್ಲಿಯೇ ಉಳಿಯಿತು. ಹೀಗೇಕಾಯಿತೆಂಬುದನ್ನು ಕೊಂಚ ವಿಚಾರ ಮಾಡೋಣ.

ಮೊದಲ ಸಾಕ್ಷಿ ಗ್ರೀಸ್ ದೇಶದ್ದು. ಅರಿಸ್ಟಾಟಲನ ಶಿಷ್ಯನೂ, ಅವನ ತರುವಾಯ ಅವನ ವಿದ್ಯಾಪೀಠಕ್ಕೆ ಅಧಿಪತಿಯೂ ಆದ ಥಿಯೊಫ್ರಾಸ್ಟಸನು ಕ್ರಿಸ್ತಪೂರ್ವ 300ರ ಸುಮಾರಿನಲ್ಲಿ ಸಸ್ಯಗಳನ್ನು ಕುರಿತು ದೊಡ್ಡ ಗ್ರಂಥವೊಂದನ್ನು ಬರೆದನು. ಮ್ಯಾಸಿಡೋನಿಯ ಮತ್ತು ಥೆಸಲಿ ಪ್ರಾಂತಗಳ ರೈತರು ಅವರೆಯ ಜಾತಿಯ ಕಾಳಿನ ಗಿಡವನ್ನು ಹೂವಿನಲ್ಲಿರುವಾಗಲೇ ಉತ್ತು ಮಣ್ಣಿಗೆ ಸೇರಿಸುತ್ತಾರೆಂದೂ, ಅದರಿಂದ ನೆಲಕ್ಕೆ ಸಾರ ಬರುವುದೆಂದೂ ಅವನು ಹೇಳುತ್ತಾನೆ. ಇದು ಗೊಬ್ಬರದ ಮಾತು. ಅದೇ ಗ್ರಂಥದಲ್ಲಿ ಕಡಲೆಯ ಪ್ರಸ್ತಾಪ ಬಂದಾಗ ಅವನ ಧಾಟಿ ಬೇರೆಯಾಗುತ್ತದೆ. ಕಡಲೆ ನೆಲವನ್ನು ಬಳಲಿಸುತ್ತದೆ. ಆದರೆ ಕಳೆಗಳನ್ನು ನಾಶಮಾಡುತ್ತದೆ, ಅದರಲ್ಲಿಯೂ ಎಲ್ಲಕ್ಕಿಂತ ಬೇಗನೆ ನೆಗ್ಗಿಲನ್ನು ನಾಶಮಾಡುತ್ತದೆ ಎಂದು ಅವನ ಅಭಿಪ್ರಾಯ. ಬರಿಗಾಲಿನಲ್ಲಿ ಹೊಲಕ್ಕಿಳಿದವರಿಗೆ ನೆಗ್ಗಿಲು ಮುಳ್ಳಿನ ಪರಿಚಯವನ್ನು ನಾವು ಮಾಡಿಕೊಡಬೇಕಾಗಿಲ್ಲ. ಕಡಲೆಯ ಮೇಲಣ ಮೊದಲ ಆಪಾದನೆಯನ್ನು ಇಂದಿನ ಶಾಸ್ತ್ರ ಪೂರ್ತಿಯಾಗಿ ಒಪ್ಪಲಾರದು, ಅದು ಹಾಗಿರಲಿ. ಇಲ್ಲಿ ಗಮನಿಸತಕ್ಕದ್ದು ಬೇರೊಂದುಂಟು. ನೆಲಕ್ಕೆ ಉಣಿಸುವುದೂ ಕಳೆಯನ್ನು ಅಡಗಿಸುವುದೂ ಒಂದೇ ಗುಣವಲ್ಲ, ಒಂದಿದ್ದ ಕಡೆ ಇನ್ನೊಂದು ಇರಲೇಬೇಕೆಂಬ ನಿಯಮವಿಲ್ಲವೆಂದು ಇವನಿಗೆ ಸ್ಪಷ್ಟವಾಗಿ ತೋರಿದ್ದಿತು.

ರೋಮನರು ಮಾತಿಗಿಂತ ಲೆಕ್ಕಕ್ಕೆ ಬೆಲೆಕೊಟ್ಟ ಜನ. ಕ್ರಿಸ್ತಪೂರ್ವ ಎರಡನೆಯ ಶತಮಾನದ ಕೇಟೊ, ನೆಲಕ್ಕೆ ಗೊಬ್ಬರವಾಗುವ ಬೆಳೆಗಳೆಂದು ಲೂಪಿನ್, ಅವರೆ, ವೆಚ್ ಎಂಬ ಮೂರನ್ನು ಹೆಸರಿಸಿ ಮುಂದಕ್ಕೆ ಹೋಗಿಬಿಡುತ್ತಾನೆ. ಲೂಪಿನ್ ಎಂಬುದು ಕಹಿಯಾದ ಕಾಳನ್ನು ಬಿಡುವ ದ್ವಿದಳ ಸಸ್ಯ. ತನ್ನ ಎಂಬತ್ತನೆಯ ವಯಸ್ಸಿನಲ್ಲಿ, ಕ್ರಿಸ್ತಪೂರ್ವ 37ರಲ್ಲಿ, ಬೇಸಾಯವನ್ನು ಕುರಿತು ಬರೆಯಹೊರಟ ವ್ಯಾರೊ ಇನ್ನೂ ಸ್ವಲ್ಪ ಆಳಕ್ಕೆ ಹೋದನು. ಕೆಲವು ಬೆಳೆಗಳನ್ನು ಬಿತ್ತುವುದು ಈ ವರ್ಷದ ಲಾಭಕ್ಕಾಗಿ ಅಲ್ಲ, ಬರುವ ವರ್ಷದ ಲಾಭಕ್ಕಾಗಿ. ಅವುಗಳನ್ನು ಕತ್ತರಿಸಿ ಅಲ್ಲಿಯೇ ಬಿಟ್ಟರೆ ನೆಲ ಉತ್ತಮವಾಗುತ್ತದೆ ಎಂದು ಅವನು ಹೇಳಿದನು. ಈ ಮಾತನ್ನು ಕೇಳುಗರು ನೆನಪಿನಲ್ಲಿಟ್ಟಿರಬೇಕೆಂದು ಕೋರುತ್ತೇವೆ. ಇದು ಮುಂದೆ ಬೇಕಾಗುತ್ತದೆ.

ಕ್ರಿಸ್ತಶಕ ಮೊದಲನೆಯ ಶತಮಾನದ ಕೊಲುಮೆಲ್ಲನು ಇವರೆಲ್ಲರಿಗಿಂತಲೂ ಹೊಲವನ್ನು ಹತ್ತಿರದಿಂದ ಬಲ್ಲವನು. ಅವನು ಹುಟ್ಟಿದ್ದು ಸ್ಪೇನ್ ದೇಶದ ಕಾಡಿಜ್ ಪಟ್ಟಣದಲ್ಲಿ. ಇಟಲಿಯಲ್ಲಿ ಸ್ವಂತ ಜಮೀನುಗಳಿದ್ದುವು. ಯಾವ ಯಾವ ಬೆಳೆಗೆ ಎಷ್ಟು ಸಲ ಕಳೆ ತೆಗೆಯಬೇಕೆಂದು ಅವನು ಒಂದೊಂದಾಗಿ ವಿಚಾರಿಸುತ್ತ ಬರುತ್ತಾನೆ. ಲೂಪಿನ್ನಿನ ಸರದಿ ಬಂದಾಗ, ಇದಕ್ಕೆ ಕಳೆ ತೆಗೆಯಕೂಡದು ಎನ್ನುತ್ತಾನೆ. ಅದಕ್ಕೆ ಅವನು ಕೊಡುವ ಮೊದಲ ಕಾರಣ, ಇದಕ್ಕೆ ಒಂದೇ ಬೇರು, ಗುದ್ದಲಿ ತಾಗಿದರೆ ಗಿಡ ಸಾಯುತ್ತದೆಂಬುದು. ಎರಡನೆಯ ಕಾರಣ ನಮಗೆ ಮುಖ್ಯವಾದದ್ದು. ಆ ಕೆಲಸ ಬೇಕಾಗಿಯೇ ಇಲ್ಲ. ಏಕೆಂದರೆ ಕಳೆಗಳಿಂದ ಪೀಡೆಗೊಳಗಾಗುವುದಿರಲಿ, ಲೂಪಿನ್ ತಾನೇ ಕಳೆಗಳನ್ನು ಕೊಲ್ಲುತ್ತದೆಂದು ಅವನ ಹೇಳಿಕೆ. ಗೊಬ್ಬರವೆಂದು ಹೊಗಳಿಸಿಕೊಂಡ ಗಿಡಕ್ಕೆ ಈ ಎರಡನೆಯ ಬಿರುದನ್ನು ಬಾಯಿಬಿಟ್ಟು ಕೊಟ್ಟವರಲ್ಲಿ ಇವನು ಮೊದಲ ಸಾಲಿನವನು.

ಇನ್ನು ಪೂರ್ವದಿಕ್ಕಿಗೆ ಬರೋಣ. ಆರನೆಯ ಶತಮಾನದಲ್ಲಿ, ಒಬ್ಬರನ್ನೊಬ್ಬರು ಅರಿಯದೆ, ಇಬ್ಬರು ವಿದ್ವಾಂಸರು ಒಂದೇ ಗಿಡವನ್ನು ಹೆಸರಿಸಿದರು. ನಮ್ಮ ದೇಶದ ವರಾಹಮಿಹಿರನು ಬೃಹತ್ಸಂಹಿತೆಯ ವೃಕ್ಷಾಯುರ್ವೇದಾಧ್ಯಾಯದಲ್ಲಿ, ತೋಟವನ್ನು ಎಬ್ಬಿಸುವವನು ಮೃದುವಾದ ನೆಲದಲ್ಲಿ ಮೊದಲು ಎಳ್ಳನ್ನು ಬಿತ್ತಿ, ಅದು ಹೂಬಿಟ್ಟಾಗ ಅಲ್ಲಿಯೇ ತುಳಿದು ಮರ್ದಿಸಬೇಕೆಂದೂ, ಭೂಮಿಗೆ ಮಾಡತಕ್ಕ ಮೊದಲ ಕರ್ಮವೇ ಇದೆಂದೂ ವಿಧಿಸಿದನು. ಜ್ಯೋತಿಷಿಯೆಂದೇ ಹೆಸರಾದವನ ಗ್ರಂಥದಲ್ಲಿ ಇಂಥ ಮಾತು ಸಿಕ್ಕುವುದನ್ನು ಕಂಡು ನಮ್ಮ ತರಗತಿಯ ಹುಡುಗರು ಬೆರಗಾಗುವುದುಂಟು. ಅದೇ ಶತಮಾನದ ಮೊದಲರ್ಧದಲ್ಲಿ ಉತ್ತರ ಚೀನದ ಅಧಿಕಾರಿ ಜಿಯಾ ಸಿಷಿಯ ಎಂಬಾತನು ಬರೆದ ‘ಚಿಮಿನ್ ಯಾವೊಷು’ ಎಂಬ ಗ್ರಂಥ ಇಂದಿಗೂ ಪೂರ್ಣವಾಗಿ ಉಳಿದಿದೆ. ನೆಲವನ್ನು ಸತ್ತ್ವಯುತವಾಗಿ ಮಾಡಲು ಹೆಸರುಕಾಳು ಉತ್ತಮ, ಅದರ ತರುವಾಯ ಕೆಂಪು ಸಣ್ಣಕಾಳು ಮತ್ತು ಎಳ್ಳು. ಇವನ್ನು ಅಲ್ಲಿಯ ಐದನೆಯ ಆರನೆಯ ತಿಂಗಳಲ್ಲಿ ಒತ್ತಾಗಿ ಚೆಲ್ಲಿ, ಏಳನೆಯ ಎಂಟನೆಯ ತಿಂಗಳಲ್ಲಿ ಉತ್ತು ಮುಚ್ಚಬೇಕು. ಇದರ ಫಲ ರೇಷ್ಮೆಹುಳುವಿನ ಹಿಕ್ಕೆಗೂ ಚೆನ್ನಾಗಿ ಕಳಿತ ಗೊಬ್ಬರಕ್ಕೂ ಸಮಾನ ಎಂದು ಅವನು ಹೇಳಿದ್ದಾನೆ.

ಜಿಯಾನ ಗ್ರಂಥದಲ್ಲಿ ತರಕಾರಿಗೇ ಮೀಸಲಾದ ಅಧ್ಯಾಯಗಳಿವೆ. ಕುಯ್ ಎಂಬುದು ಆ ಕಾಲದಲ್ಲಿ ಅಲ್ಲಿನ ಜನರ ಮುಖ್ಯವಾದ ಸೊಪ್ಪು. ಅದರ ಮಡಿಗೆ ಗೊಬ್ಬರ ದೊರೆಯದಿದ್ದರೆ, ಮೊದಲು ಹೆಸರನ್ನು ಒತ್ತಾಗಿ ಬೆಳೆದು ಉತ್ತುಬಿಡು. ಗೊಬ್ಬರ ಹಾಕಿದುದಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ, ಮೇಲಾಗಿ ದುಡಿಮೆ ಉಳಿಯುತ್ತದೆಂದು ಅವನ ಸಲಹೆ. ಯಾವ ದುಡಿಮೆಯೆಂದು ಅವನು ಬಿಡಿಸಿ ಹೇಳುವುದಿಲ್ಲ. ಗೊಬ್ಬರ ಹೊರುವ ದುಡಿಮೆಯೆಂದು ಅರ್ಥಮಾಡುವುದು ಸಹಜ. ಆದರೆ ‘ಒತ್ತಾಗಿ’ ಎಂಬ ಮಾತನ್ನು ಅವನು ಬಿಡದೆ ಹೇಳುವುದನ್ನು ನೋಡಿದರೆ, ನೆಲ ಕಾಣದಂತೆ ಮುಚ್ಚುವುದರ ಬೆಲೆಯೂ ಅವನಿಗೆ ಗೊತ್ತಿದ್ದಿತೆಂದು ನಮಗೆ ತೋರುತ್ತದೆ. ಮುಂದೆ ಮಿಂಗ್ ವಂಶದ ಅರಸರ ಕಾಲದ ಕೃಷಿಗ್ರಂಥಗಳಲ್ಲಿ ಈ ಸಂದೇಹಕ್ಕೂ ಎಡೆಯಿಲ್ಲ. ಬಹುಕಾಲ ಬೀಳುಬಿದ್ದ ನೆಲವನ್ನು ಒಡೆದಾಗ ಒಂದು ವರ್ಷ ಎಳ್ಳನ್ನು ಬಿತ್ತಿ ಹುಲ್ಲಿನ ಬೇರುಗಳು ಕೊಳೆಯುವಂತೆ ಮಾಡಬೇಕು, ಆಮೇಲೆ ಧಾನ್ಯಗಳನ್ನು ಬಿತ್ತಿದರೆ ಕಳೆಯ ಕಾಟವಿರುವುದಿಲ್ಲವೆಂದು ಅವು ವಿಧಿಸುತ್ತವೆ.

ಯೂರೋಪಿನ ಮಧ್ಯಯುಗವನ್ನು ನಾವು ಬೇಗನೆ ದಾಟಿಬಿಡಬಹುದು. ಅಲ್ಲಿ ಮೂರು ಹೊಲಗಳಲ್ಲಿ ಒಂದನ್ನು ಬೀಳುಬಿಟ್ಟು ಮತ್ತೆ ಮತ್ತೆ ಉಳುವುದೇ ಕಳೆಗೆ ಮದ್ದಾಗಿದ್ದಿತು. 1650ರಲ್ಲಿ ಪ್ರಕಟವಾದ ಸರ್ ರಿಚರ್ಡ್ ವೆಸ್ಟನನ ಪುಸ್ತಕದಿಂದ ಫ್ಲಾಂಡರ್ಸಿನ ಕ್ಲೋವರ್ ಮತ್ತು ಟರ್ನಿಪ್ ಬೆಳೆಗಳ ಸುದ್ದಿ ಇಂಗ್ಲೆಂಡಿಗೆ ಮುಟ್ಟಿತು. 1731ರಲ್ಲಿ ಜೆತ್ರೊ ಟಲ್ ಎಂಬಾತನು ಸಾಲಾಗಿ ಬಿತ್ತಿ ಕುದುರೆಯ ಕುಂಟೆಯಿಂದ ಸಾಲಿನ ನಡುವೆ ಕೆದಕುವ ಪದ್ಧತಿಯನ್ನು ಪ್ರಚಾರಕ್ಕೆ ತಂದು, ಮಣ್ಣನ್ನು ಪುಡಿಮಾಡುತ್ತಿದ್ದರೆ ಗೊಬ್ಬರವೇ ಬೇಡವೆನ್ನುವವರೆಗೂ ಹೋದನು. ನಮ್ಮ ರೈತರ ಕುಂಟೆ ಅವನ ಕಣ್ಣಿಗೆ ಬಿದ್ದಿದ್ದರೆ ಅವನು ಇಷ್ಟು ಹೆಮ್ಮೆಪಡುತ್ತಿದ್ದನೋ ಇಲ್ಲವೋ!

ತಿರುವು ಬಂದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. 1840ರಲ್ಲಿ ಜರ್ಮನಿಯ ಲೀಬಿಗನು ಬೇಸಾಯಕ್ಕೆ ರಸಾಯನಶಾಸ್ತ್ರದ ತಳಹದಿಯನ್ನು ಹಾಕಿದನು. 1886ರಲ್ಲಿ ಹೆಲ್ರೀಗೆಲನು ತನ್ನ ಸಹಾಯಕ ವಿಲ್ಫಾರ್ಥನೊಡನೆ ಮಾಡಿದ ಪ್ರಯೋಗಗಳನ್ನು ಬರ್ಲಿನ್ನಿನ ವಿದ್ವತ್ಸಭೆಗೆ ತಿಳಿಸಿದನು. ದ್ವಿದಳ ಧಾನ್ಯಗಳ ಬೇರಿನ ಗಂಟುಗಳಲ್ಲಿ ಸೂಕ್ಷ್ಮಜೀವಿಗಳು ವಾಸಿಸುತ್ತವೆ, ಅವು ಗಾಳಿಯಲ್ಲಿರುವ ಸಾರಜನಕವನ್ನು ಹಿಡಿದು ಗಿಡಕ್ಕೆ ಒದಗಿಸುತ್ತವೆಂಬುದು ಸಿದ್ಧವಾಯಿತು. ಕೇಟೊ, ಕೊಲುಮೆಲ್ಲರ ಲೂಪಿನ್ನಿಗೆ ಎರಡು ಸಾವಿರ ವರ್ಷಗಳ ಮೇಲೆ ಕಾರಣ ದೊರೆಯಿತು. ಇದು ನಿಜವಾಗಿಯೂ ದೊಡ್ಡ ಸಂಶೋಧನೆ. ಅದರ ಘನತೆಯನ್ನು ಕುಗ್ಗಿಸುವುದು ನಮ್ಮ ಉದ್ದೇಶವಲ್ಲ. ಆದರೆ ಅಂದಿನಿಂದ ಹಸುರು ಗೊಬ್ಬರದ ಗುಣವನ್ನು ಅಳೆಯುವ ಕೋಲು ಒಂದೇ ಆಯಿತು: ಎಕರೆಗೆ ಎಷ್ಟು ಪೌಂಡು ಸಾರಜನಕ? ಸಾರಜನಕವನ್ನು ತೂಗಬಹುದು. ಕೀಳದೆ ಉಳಿದ ಕಳೆಯನ್ನು, ನೋಯದೆ ಉಳಿದ ಬೆನ್ನನ್ನು ಯಾವ ತಕ್ಕಡಿಯಲ್ಲಿ ತೂಗುವುದು?

ಇದರ ಪರಿಣಾಮ ಎಳ್ಳಿನ ವಿಷಯದಲ್ಲಿ ಚೆನ್ನಾಗಿ ಕಾಣುತ್ತದೆ. ಎಳ್ಳು ದ್ವಿದಳ ಧಾನ್ಯವಲ್ಲ. ಅದರ ಬೇರಿನಲ್ಲಿ ಗಂಟುಗಳಿಲ್ಲ. ಸಾರಜನಕದ ಲೆಕ್ಕದಲ್ಲಿ ಅದಕ್ಕೆ ಹಸುರು ಗೊಬ್ಬರಗಳ ಪಂಕ್ತಿಯಲ್ಲಿ ಎಲೆ ಹಾಕುವ ಕಾರಣವೇ ಇಲ್ಲ. ಹೀಗಿದ್ದೂ ವರಾಹಮಿಹಿರನೂ ಜಿಯಾನೂ ಅದನ್ನು ಆರಿಸಿದರು. ಹಳಬರ ಅಜ್ಞಾನವೆಂದು ಇದನ್ನು ತಳ್ಳಿಹಾಕುವುದು ಸುಲಭ. ನಮ್ಮ ಅಭಿಪ್ರಾಯ ಹಾಗಲ್ಲ. ಮಿಂಗ್ ಕಾಲದ ಗ್ರಂಥಗಳ ಸಾಕ್ಷಿಯನ್ನು ಜೊತೆಗಿಟ್ಟು ನೋಡಿದರೆ, ಹೊಸ ನೆಲಕ್ಕೆ ಮೊದಲು ಎಳ್ಳನ್ನು ಹಾಕಿದವರು ಉಣಿಸುವುದಕ್ಕಿಂತ ಹೆಚ್ಚಾಗಿ ನೆಲವನ್ನು ಹಸನುಮಾಡುವುದನ್ನು ಮನಸ್ಸಿನಲ್ಲಿಟ್ಟಿದ್ದರೆಂದು ಊಹಿಸುವುದು ಹೆಚ್ಚು ನ್ಯಾಯವಾಗಿದೆ.

ನಮ್ಮ ನಾಡಿನ ಮಾತೇನು? 1800ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನನ ವರದಿಯಲ್ಲಿ ಬತ್ತದ ಗದ್ದೆಗೆ ಸೊಪ್ಪನ್ನು ತುಳಿದು ಗೊಬ್ಬರ ಮಾಡುವ ಪದ್ಧತಿ ಬಂದಿದೆ. ಹೊಂಗೆಯ ಸೊಪ್ಪು ಇಂದಿಗೂ ಇದಕ್ಕೆ ಹೆಸರಾಗಿದೆ. ಆದರೆ ಹೊರಗಿನಿಂದ ಕಡಿದು ತಂದ ಸೊಪ್ಪು ಗದ್ದೆಗೆ ಉಣಿಸುತ್ತದೆಯೇ ಹೊರತು ನೆರಳುಕೊಡುವುದಿಲ್ಲ. ಮಲೆನಾಡಿನ ಅಡಕೆ ತೋಟದ ಕ್ರಮ ಬೇರೆ. ಸೊಪ್ಪಿನಬೆಟ್ಟದಿಂದ ತಂದ ಸೊಪ್ಪನ್ನು ಅಲ್ಲಿ ನೆಲದ ಮೇಲೆ ಹಾಸುತ್ತಾರೆ. ಹೀಗೆ ಹಾಸಿದ ಸೊಪ್ಪು ಮಳೆಯ ಹೊಡೆತದಿಂದ ಮಣ್ಣನ್ನು ಕಾಯುವುದಲ್ಲದೆ ಕಳೆಗೂ ಕಡಿವಾಣ ಹಾಕುತ್ತದೆ. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಉತ್ತರ ಹಿಂದೂಸ್ಥಾನದ ಷಾಜಹಾನ್‌ಪುರದಲ್ಲಿ ಕ್ಲಾರ್ಕ್ ಎಂಬ ಅಧಿಕಾರಿಯು ಅಪ್ಸೆಣಬನ್ನು ಉತ್ತು ಕಬ್ಬನ್ನು ಬೆಳೆದ ಪ್ರಯೋಗಗಳನ್ನು ಸರ್ ಆಲ್ಬರ್ಟ್ ಹೋವರ್ಡ್ 1940ರ ತಮ್ಮ ಪುಸ್ತಕದಲ್ಲಿ ಬಹಳವಾಗಿ ಮೆಚ್ಚಿದ್ದಾರೆ. ಅಲ್ಲಿಯೂ ಚರ್ಚೆ ನಡೆದದ್ದು ಬಹುಮಟ್ಟಿಗೆ ಮಣ್ಣಿನ ಆಹಾರವನ್ನು ಕುರಿತೇ.

ಅಷ್ಟರಲ್ಲಿ ಗಾಳಿಯ ಸಾರಜನಕವನ್ನು ಕಾರ್ಖಾನೆಯಲ್ಲಿ ಹಿಡಿಯುವ ವಿದ್ಯೆ ಕೈಗೂಡಿದ್ದಿತು. 1913ರಲ್ಲಿ ಜರ್ಮನಿಯಲ್ಲಿ ಇದರ ಮೊದಲ ದೊಡ್ಡ ಕಾರ್ಖಾನೆ ಕೆಲಸಕ್ಕೆ ತೊಡಗಿತು. ಎರಡನೆಯ ಮಹಾಯುದ್ಧದ ಕೊನೆಯಲ್ಲಿ 2,4-ಡಿ ಎಂಬ ಕಳೆನಾಶಕ ಮಾರುಕಟ್ಟೆಗೆ ಬಂದಿತು. 1974ರಲ್ಲಿ ಗ್ಲೈಫೊಸೇಟ್ ಬಂದಿತು. ಗೊಬ್ಬರ ಒಂದು ಚೀಲದಲ್ಲಿ, ಕಳೆಗೆ ಮದ್ದು ಒಂದು ಡಬ್ಬಿಯಲ್ಲಿ ಸಿಕ್ಕಮೇಲೆ, ಎರಡನ್ನೂ ಒಂದು ಗಿಡದಲ್ಲಿ ಹುಡುಕುವ ಶ್ರಮವನ್ನು ಯಾರು ವಹಿಸಿಯಾರು? ಆದರೆ ತರಕಾರಿಯ ಬೆಳೆಗಾರನಿಗೆ ಈ ಡಬ್ಬಿಯಿಂದ ಆದ ಉಪಕಾರ ಅಷ್ಟಕ್ಕಷ್ಟೆ. ಅಗಲವಾದ ಎಲೆಯ ಕಳೆಯನ್ನು ಕೊಲ್ಲುವ ಮದ್ದು ಅಗಲವಾದ ಎಲೆಯ ಬದನೆಯನ್ನೂ ಕೊಲ್ಲುತ್ತದೆ. ನಾಲ್ಕಾರು ಬಗೆಯ ಸೊಪ್ಪು, ಕಾಯಿಗಳನ್ನು ಒಟ್ಟೊಟ್ಟಿಗೆ ಬೆಳೆಯುವ ಸಣ್ಣ ತೋಟದಲ್ಲಿ ಒಂದರ ಮದ್ದು ಇನ್ನೊಂದಕ್ಕೆ ಮೃತ್ಯು.

ಮರೆತ ಗುಣಕ್ಕೆ ಶಾಸ್ತ್ರದ ಬೆಂಬಲ ಬಂದದ್ದು ಬೇರೊಂದು ಬಾಗಿಲಿನಿಂದ. ಕಳೆಯ ಬೀಜ ಮಣ್ಣಿನಲ್ಲಿ ಎಷ್ಟು ಕಾಲ ಜೀವ ಹಿಡಿದುಕೊಂಡಿರುತ್ತದೆಂಬುದನ್ನು ಪರೀಕ್ಷಿಸಲು 1879ರಲ್ಲಿ ಅಮೆರಿಕದ ಮಿಷಿಗನ್ ಕೃಷಿ ಕಾಲೇಜಿನ ಬೀಲ್ ಎಂಬ ಪ್ರಾಧ್ಯಾಪಕರು ಇಪ್ಪತ್ತು ಸೀಸೆಗಳಲ್ಲಿ ಬೀಜಗಳನ್ನಿಟ್ಟು ನೆಲದಲ್ಲಿ ಹೂಳಿದರು. ಅವರ ಶಿಷ್ಯಪ್ರಶಿಷ್ಯರು ನಿಯಮಿತ ಕಾಲಕ್ಕೆ ಒಂದೊಂದನ್ನು ತೆಗೆದು ಬಿತ್ತುತ್ತ ಬಂದಿದ್ದಾರೆ. 2021ರಲ್ಲಿ, ಅಂದರೆ 142 ವರ್ಷಗಳ ಮೇಲೆ, ತೆಗೆದ ಸೀಸೆಯಲ್ಲಿಯೂ ಕೆಲವು ಬೀಜಗಳು ಮೊಳೆತುವು. ಆ ಸೀಸೆಯನ್ನು ಅಗೆದು ತೆಗೆದದ್ದು ಬೆಳಕು ಹರಿಯುವುದಕ್ಕೆ ಮೊದಲು, ಕತ್ತಲಲ್ಲಿ. ಇದು ಕಳ್ಳತನದ ಕೆಲಸವೇನೂ ಅಲ್ಲ. ಹಗಲ ಬೆಳಕು ಬಿದ್ದರೆ ಮಲಗಿದ ಬೀಜ ಎಚ್ಚರಗೊಂಡೀತೆಂಬ ಎಚ್ಚರಿಕೆ!

ಅನೇಕ ಕಳೆಗಳ ಸಣ್ಣ ಬೀಜಗಳಿಗೆ ಬೆಳಕೇ ಎಬ್ಬಿಸುವ ಕರೆ. ಈ ಗುಟ್ಟು ಬಿಚ್ಚಿದ್ದು 1952ರಲ್ಲಿ, ವಾಷಿಂಗ್ಟನ್ನಿನ ಹತ್ತಿರ ಬೆಲ್ಟ್ಸ್‌ವಿಲ್ ಎಂಬಲ್ಲಿರುವ ಸರ್ಕಾರದ ಕೃಷಿ ಸಂಶೋಧನ ಕೇಂದ್ರದಲ್ಲಿ. ಬೋರ್ತ್‌ವಿಕ್ ಮತ್ತು ಅವರ ಸಂಗಡಿಗರು ಲೆಟ್ಯೂಸ್ ಸೊಪ್ಪಿನ ಬೀಜದ ಮೇಲೆ ಕೆಂಪು ಬೆಳಕನ್ನು ಬಿಟ್ಟಾಗ ಅದು ಮೊಳೆಯಿತು. ಅದರ ಬೆನ್ನಿಗೇ, ಕಣ್ಣಿಗೆ ಮಸಕಾಗಿ ಕಾಣುವ ಕಡುಗೆಂಪಿನ ಅಂಚಿನ ಬೆಳಕನ್ನು ಬಿಟ್ಟರೆ ಮೊಳೆಯದೆ ಉಳಿಯಿತು. ಎಷ್ಟು ಸಲ ಅದಲುಬದಲು ಮಾಡಿದರೂ ಕೊನೆಗೆ ಬಿದ್ದ ಬೆಳಕಿನದೇ ತೀರ್ಪು. ಹಸುರೆಲೆ ಈ ಎರಡರಲ್ಲಿ ಮೊದಲನೆಯದನ್ನು ತಾನೇ ಹೀರಿಕೊಂಡು ಎರಡನೆಯದನ್ನು ಕೆಳಗೆ ಬಿಡುತ್ತದೆ. ಒತ್ತಾಗಿ ಬೆಳೆದ ಅಪ್ಸೆಣಬಿನ ಕೆಳಗೆ ಬಿದ್ದಿರುವ ಬೀಜಕ್ಕೆ ಮೇಲೆ ಬೇರೊಂದು ಗಿಡ ನಿಂತಿದೆ, ಏಳಬೇಡ ಎಂಬ ಸಂದೇಶ ಮುಟ್ಟುತ್ತದೆ. ಮೊಳೆತು ಎದ್ದ ಕಳೆಗೂ ಅನ್ನ ತಯಾರಿಸಲು ಬೆಳಕು ಸಾಲದು. ಇದರ ಜೊತೆಗೆ ಕೆಲವು ಸಸ್ಯಗಳು ಬೇರಿನಿಂದಲೂ ಕೊಳೆಯುವ ಎಲೆಯಿಂದಲೂ ಇತರ ಸಸ್ಯಗಳಿಗೆ ಒಗ್ಗದ ರಸಗಳನ್ನು ಬಿಡುತ್ತವೆ. 1937ರಲ್ಲಿ ಆಸ್ಟ್ರಿಯದ ಮೋಲಿಷ್ ಎಂಬ ಪಂಡಿತನು ಗಿಡಗಿಡಗಳ ನಡುವಣ ಇಂಥ ವ್ಯವಹಾರಗಳಿಗೆ ಶಾಸ್ತ್ರೀಯವಾದ ಹೆಸರಿಟ್ಟನು. ಗೋಧಿಯ ದಾಯಾದಿಯಾದ ರೈ ಎಂಬ ಧಾನ್ಯದಲ್ಲಿ ಈ ಗುಣ ಚೆನ್ನಾಗಿ ಪರೀಕ್ಷಿತವಾಗಿದೆ. ಥಿಯೊಫ್ರಾಸ್ಟಸನ ಕಡಲೆಯ ಮಾತು ಕಟ್ಟುಕತೆಯೆಂದು ನಗುವ ಕಾಲ ಅಲ್ಲಿಗೆ ಮುಗಿಯಿತು.

ಇದರಿಂದ ಒಂದು ಇಕ್ಕಟ್ಟೂ ಹೊರಬಿದ್ದಿತು. ಹಸುರು ಗೊಬ್ಬರವನ್ನು ಉತ್ತು ಮಣ್ಣಿಗೆ ಸೇರಿಸಿದರೆ ಸಾರಜನಕ ಬೇಗನೆ ದೊರೆಯುತ್ತದೆ. ಆದರೆ ಅದೇ ಉಳುಮೆ ಕೆಳಗೆ ಮಲಗಿದ್ದ ಕಳೆಬೀಜಗಳನ್ನು ಬೆಳಕಿಗೆ ತರುತ್ತದೆ. ಎರಡು ತಿಂಗಳು ನೆರಳು ಹಿಡಿದು ಮಲಗಿಸಿದ ಮಗುವನ್ನು ಅಲುಗಿಸಿ ಎಬ್ಬಿಸಿದಂತಾಯಿತು. ಬೆಲ್ಟ್ಸ್‌ವಿಲ್ಲಿನ ಕೇಂದ್ರದಲ್ಲಿಯೇ 1990ರ ದಶಕದಲ್ಲಿ ಅಬ್ದುಲ್ ಬಾಕಿ ಮತ್ತು ಟೀಸ್‌ಡೇಲ್ ಎಂಬ ಇಬ್ಬರು ವಿಜ್ಞಾನಿಗಳು ಟೊಮೇಟೋ ಬೆಳೆಯಲ್ಲಿ ಇದಕ್ಕೆ ಪರಿಹಾರ ಹುಡುಕಿದರು. ಚಳಿಗಾಲಕ್ಕೆ ಮುಂಚೆ ಏರುಮಡಿಗಳ ಮೇಲೆ ವೆಚ್ ಬಳ್ಳಿಯನ್ನು ಬಿತ್ತಿ, ವಸಂತದಲ್ಲಿ ಅದನ್ನು ಬುಡಕ್ಕೆ ಕತ್ತರಿಸಿ ಅಲ್ಲಿಯೇ ಹಾಸಿ, ಉಳದೆ ಅದರ ನಡುವೆಯೇ ಸಸಿಗಳನ್ನು ನೆಟ್ಟರು. ಕಪ್ಪು ಪ್ಲಾಸ್ಟಿಕ್ ಹಾಳೆ ಹೊದಿಸಿದ ಮಡಿಗಳಿಗಿಂತ ಇಲ್ಲಿ ಹಣ್ಣು ಸ್ವಲ್ಪ ತಡವಾಗಿ ಬಂದರೂ ಹೆಚ್ಚಾಗಿ ಬಂದಿತು. ಕೇಟೊ ಹೆಸರಿಸಿದ ಮೂರು ಗಿಡಗಳಲ್ಲಿ ವೆಚ್ಚೂ ಒಂದೆಂಬುದನ್ನು ಕೇಳುಗರು ಮರೆತಿರಲಾರರು. ಹಾಸಿದ ವೆಚ್ ಬೇಗ ಕೊಳೆಯುವುದರಿಂದ ಅದರ ಕಾವಲು ಮೊದಲ ಕೆಲವು ವಾರಗಳಿಗೆ ಮಾತ್ರ. ರೈಯ ಹುಲ್ಲಿನ ಹಾಸು ಇದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ಆದರೆ ಸಸಿ ನೆಟ್ಟ ಮೊದಲ ನಾಲ್ಕೈದು ವಾರಗಳೇ ತರಕಾರಿಗೆ ಕಳೆಯಿಂದ ಹೆಚ್ಚು ಹಾನಿಯಾಗುವ ಕಾಲವಾದ್ದರಿಂದ ಅಷ್ಟು ಕಾವಲೂ ಕಡಮೆಯೇನಲ್ಲ.

ಇದನ್ನು ಸರ್ವರೋಗಕ್ಕೂ ಮದ್ದೆಂದು ಯಾರೂ ತಿಳಿಯಬಾರದು. ಬದನೆ, ಟೊಮೇಟೋ, ಕೋಸು, ಮೆಣಸಿನಕಾಯಿಗಳಂತೆ ಸಸಿ ಮಾಡಿ ನೆಡುವ ಬೆಳೆಗಳಿಗೆ ಇದು ಒಗ್ಗುತ್ತದೆ. ಗಜ್ಜರಿ, ಸೊಪ್ಪುಗಳಂತೆ ಸಣ್ಣ ಬೀಜವನ್ನು ನೇರವಾಗಿ ಬಿತ್ತುವ ಕಡೆ ಕಳೆಗೆ ಹಾಕಿದ ಬಲೆ ಬೆಳೆಗೂ ಬಿದ್ದೀತು. ಜೇಕಿನ ಗೆಡ್ಡೆ ಪ್ಲಾಸ್ಟಿಕ್ ಹಾಳೆಯನ್ನೇ ತೂತುಮಾಡಿಕೊಂಡು ಏಳುವ ಶೂರ. ಹಾಸಿದ ಸೊಪ್ಪು ಅದಕ್ಕೆ ಲೆಕ್ಕವೇ? ಇನ್ನು ಬೀಜದ ವಿಷಯದಲ್ಲಿ ಜಿಪುಣತನ ತೋರಿದರೆ ಕೆಲಸ ಕೆಡುತ್ತದೆ. ಎಕರೆಗೆ ಇಪ್ಪತ್ತು ಇಪ್ಪತ್ತೈದು ಕಿಲೋ ಅಪ್ಸೆಣಬಿನ ಬೀಜ ಬೇಕು. ವಿರಳವಾಗಿ ಬಿತ್ತಿದ ಕಡೆ ಕಳೆಯೂ ಅದರ ಜೊತೆಗೇ ಸೊಂಪಾಗಿ ಬೆಳೆದು ಬೀಜ ಉದುರಿಸುತ್ತದೆ. ಕಾಡಿಗೆ ಕಾಡನ್ನೇ ಎದುರುನಿಲ್ಲಿಸುವ ಈ ಉಪಾಯವನ್ನು ನಮ್ಮ ಬೆಂಗಳೂರಿನಲ್ಲಿಯೂ ಹೊಲದ ಹೊರಗೆ ಪ್ರಯೋಗಿಸಿ ನೋಡಿದ್ದುಂಟು. 1950ರ ದಶಕದಿಂದ ದೇಶವನ್ನೆಲ್ಲ ಆವರಿಸಿದ ಪಾರ್ಥೇನಿಯಂ ಗಿಡವನ್ನು, ಜನ ಕಾಂಗ್ರೆಸ್ ಗಿಡವೆಂದು ಕರೆಯುವ ಆ ಪೀಡೆಯನ್ನು, ತಗಚೆಯ ಬಳಗಕ್ಕೆ ಸೇರಿದ ಒಂದು ಗಿಡವನ್ನು ಬೆಳೆಸಿ ಹಿಮ್ಮೆಟ್ಟಿಸುವ ಪ್ರಯತ್ನ ಅದು.

ಈ ಉಪಾಯದ ನಿಜವಾದ ಪರೀಕ್ಷೆ ನಡೆದದ್ದು ಪ್ರಯೋಗಶಾಲೆಯ ಹೊಲದಲ್ಲಲ್ಲ, ಬಡರೈತರ ನೆಲದಲ್ಲಿ. ಪಶ್ಚಿಮ ಆಫ್ರಿಕದ ಬೆನಿನ್ ದೇಶದ ದಕ್ಷಿಣ ಭಾಗದಲ್ಲಿ 1980ರ ದಶಕದ ಕೊನೆಗೆ ಸಂಶೋಧಕರು ಸೊರಗಿದ ನೆಲಕ್ಕೆ ಸಾರ ತುಂಬಬೇಕೆಂದು ನಸಗುನ್ನಿಯ ಕುಲದ ಬಳ್ಳಿಯನ್ನು ರೈತರಿಗೆ ಪರಿಚಯಮಾಡಿಸಿದರು. ನಮ್ಮ ಕಾಡಿನ ನಸಗುನ್ನಿಯಂತೆ ಮೈತುರಿಸುವ ಕಾಯಿ ಅದರದಲ್ಲ. ರೈತರು ಅದನ್ನು ಸಂತೋಷದಿಂದ ಸ್ವೀಕರಿಸಿದರು. ಆದರೆ ಸಂಶೋಧಕರು ಹೇಳಿದ ಕಾರಣಕ್ಕಾಗಿ ಅಲ್ಲ! ಅವರ ಹೊಲಗಳನ್ನು ಈಟಿಯಂಥ ಎಲೆಯ, ಬೇರು ಕೀಳಲಾಗದ ಹುಲ್ಲೊಂದು ಆಕ್ರಮಿಸಿದ್ದಿತು. ಆ ಬಳ್ಳಿ ಒಂದು ಮಳೆಗಾಲ ಅದರ ಮೇಲೆ ಹಬ್ಬಿ ಉಸಿರುಕಟ್ಟಿಸಿಬಿಟ್ಟಿತು. ಹತ್ತು ವರ್ಷಗಳೊಳಗೆ ಸಾವಿರಾರು ರೈತರು ಅದನ್ನು ಬಿತ್ತಿದರು. ಕೊಲುಮೆಲ್ಲನು ಬರೆದಿಟ್ಟ ಎರಡನೆಯ ಗುಣವನ್ನು ಅವನ ಹೆಸರು ಕೇಳದವರು ತಾವಾಗಿಯೇ ಕಂಡುಕೊಂಡರು.

ಇದೇ ಬಳ್ಳಿ ಮಧ್ಯ ಅಮೆರಿಕದ ಹೊಂಡುರಾಸಿನ ಉತ್ತರ ಕರಾವಳಿಯಲ್ಲಿ 1970ರ ದಶಕದಿಂದ ರೈತರಿಂದ ರೈತರಿಗೆ ಹಬ್ಬುತ್ತ, ಗುಡ್ಡದ ಹೊಲಗಳಲ್ಲಿ ಮುಸುಕಿನ ಜೋಳದ ಜೊತೆಗಾರನಾಗಿದ್ದಿತು. ಬಳ್ಳಿಯನ್ನು ಸವರಿ ಹಾಸಿ, ಆ ಹಾಸಿನಲ್ಲಿ ಜೋಳವನ್ನೂರಿದರೆ ಕಳೆ ಕೀಳುವ ಕೆಲಸ ಬಹಳ ಕಡಮೆಯಾಗುತ್ತಿದ್ದಿತು. 1990ರ ದಶಕದಲ್ಲಿ ಅಲ್ಲಿಯ ರೈತರು ಅದನ್ನು ಕೈಬಿಡತೊಡಗಿದರು. ಬಳ್ಳಿಯ ಗುಣ ಕೆಟ್ಟಿರಲಿಲ್ಲ. ವರ್ಷವರ್ಷವೂ ಮತ್ತೆ ಬೀಜ ಚೆಲ್ಲಿ ಹಬ್ಬನ್ನು ಒತ್ತಾಗಿ ಇಟ್ಟುಕೊಳ್ಳದ ಹೊಲಗಳಿಗೆ ಹೊಸದೊಂದು ಹುಲ್ಲು ನುಗ್ಗಿತು. ಅದರ ಜೊತೆಗೆ ದನ ಸಾಕುವ ದೊಡ್ಡ ಜಮೀನುದಾರರ ಕೈಗೆ ನೆಲ ಸೇರುತ್ತ ಬಂದು, ಸಣ್ಣ ರೈತರಿಗೆ ಗುತ್ತಿಗೆಗೂ ನೆಲ ದೊರೆಯುವುದು ಕಷ್ಟವಾಯಿತು. ವ್ಯಾರೊ ಹೇಳಿದಂತೆ ಈ ಬೆಳೆಯನ್ನು ಬಿತ್ತುವುದು ಬರುವ ವರ್ಷದ ಲಾಭಕ್ಕಾಗಿ. ವ್ಯಾರೊ ಜಮೀನುದಾರ, ಬರುವ ವರ್ಷವೂ ನೆಲ ತನ್ನದೇ ಎಂಬ ನಂಬಿಕೆ ಅವನಿಗಿದ್ದಿತು. ನಮ್ಮ ಪಟ್ಟಣಗಳ ಸುತ್ತ ತರಕಾರಿ ಬೆಳೆಯುವವರಲ್ಲಿ ಎಷ್ಟೋ ಮಂದಿ ವರ್ಷದ ಗುತ್ತಿಗೆಗೆ ನೆಲ ಹಿಡಿದವರು. ಅಂಥವರಿಗೆ ಎರಡು ತಿಂಗಳು ನೆಲವನ್ನು ಅಪ್ಸೆಣಬಿಗೆ ಬಿಟ್ಟುಕೊಡುವುದೆಂದರೆ ಒಂದು ಕೊಯ್ಲು ಸೊಪ್ಪನ್ನೋ ಮೂಲಂಗಿಯನ್ನೋ ಕಳೆದುಕೊಂಡಂತೆ. ಗುತ್ತಿಗೆಯ ಹಣವನ್ನಂತೂ ಆ ಎರಡು ತಿಂಗಳಿಗೂ ಎಣಿಸಿಕೊಡಬೇಕು. ಅಪ್ಸೆಣಬಿನ ನೆರಳಿನಿಂದ ಕಡಮೆಯಾದ ಕಳೆಯ ಲಾಭ ಮುಂದಿನ ವರ್ಷ ಆ ಮಡಿಯಲ್ಲಿ ಯಾರು ನೆಡುತ್ತಾರೋ ಅವರ ಪಾಲಿಗೆ ಹೋಗುತ್ತದೆ.